ಹಾರ್ಡ್ ಡಿಸ್ಕ್ ಕಟಕಟ ಎಂದಾಗ

ಜೇಬಿನಲ್ಲಿ ಹಿಡಿಸುವ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿನೊಳಗೆ ಎರಡೂವರೆ ಇಂಚಿನ ಗಾಜಿನ ತಟ್ಟೆಗಳಿರುತ್ತವೆ. ಅವುಗಳ ಮೇಲೆ ಲೇಪಿಸಿದ ತೆಳು ಕಾಂತೀಯ ಪದರವೇ ದಾಖಲೆಯ ಹಾಳೆ. ತಟ್ಟೆ ನಿಮಿಷಕ್ಕೆ 5,400 ಸುತ್ತು ತಿರುಗುವಾಗ ಅದರ ಅಂಚು ಗಂಟೆಗೆ ಸುಮಾರು 66 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಹಂಪನಕಟ್ಟೆಯ ಜಂಗುಳಿಯಲ್ಲಿ ಮಂಗಳೂರಿನ ಸಿಟಿ ಬಸ್ಸಿಗೂ ಆ ವೇಗ ಸಿಗದು. ಓದುವ, ಬರೆಯುವ ಹೆಡ್ ತಟ್ಟೆಯನ್ನು ಮುಟ್ಟುವುದಿಲ್ಲ. ತಟ್ಟೆಯೊಡನೆ ಸುತ್ತುವ ಗಾಳಿಯ ಮೇಲೆ, ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ಅದು ತೇಲುತ್ತದೆ. ತಲೆಗೂದಲಿನ ದಪ್ಪ ಇದರ ಸಾವಿರಾರು ಪಟ್ಟು. 1956ರಲ್ಲಿ ಐಬಿಎಂ ಹೊರತಂದ ಮೊದಲ ಡಿಸ್ಕ್ ಯಂತ್ರಕ್ಕೆ 24 ಇಂಚಿನ 50 ತಟ್ಟೆಗಳಿದ್ದವು. ಅಷ್ಟಿದ್ದರೂ ಅದರಲ್ಲಿ ಹಿಡಿಸುತ್ತಿದ್ದುದು ಇಂದಿನ ಒಂದೆರಡು ಮೊಬೈಲ್ ಫೋಟೊಗಳಷ್ಟೆ.

ಮದುವೆ, ಮದುವೆಗೆ ಮುಂಚಿನ ರೋಸ್ ಶಾಸ್ತ್ರ, ಯಕ್ಷಗಾನಗಳ ಚಿತ್ರೀಕರಣ ಮಾಡುವ ಸ್ಟುಡಿಯೊಗಳು ವರ್ಷಗಟ್ಟಲೆಯ ಕೆಲಸವನ್ನು ಇಂಥ ಡಿಸ್ಕುಗಳಲ್ಲಿ ತುಂಬಿಡುವುದು ಸಾಮಾನ್ಯ. ಡಿಸ್ಕ್ ಕೆಟ್ಟಿತೆಂದು ಹಂಪನಕಟ್ಟೆ ಸುತ್ತಿನ ಕಂಪ್ಯೂಟರ್ ಅಂಗಡಿಗೆ ತಂದಾಗ ಮೊದಲು ಕೇಳಬೇಕಾದ ಪ್ರಶ್ನೆ, ಕೆಟ್ಟದ್ದು ಎಲ್ಲಿ ಎಂಬುದು. ಅದಕ್ಕೆ ಉತ್ತರ ಬಹುಮಟ್ಟಿಗೆ ಕಿವಿಯಲ್ಲಿದೆ.

ಸದ್ದೇ ಇಲ್ಲದ ಡಿಸ್ಕಿನಲ್ಲಿ ದೋಷ ಹೆಚ್ಚಾಗಿ ವಿದ್ಯುತ್ತಿನ ದಾರಿಯಲ್ಲಿರುತ್ತದೆ. ಚಿಕ್ಕ ಡಿಸ್ಕ್ ಯುಎಸ್‌ಬಿ ಕೇಬಲ್ಲಿನಿಂದಲೇ 5 ವೋಲ್ಟ್ ಪಡೆಯುವುದರಿಂದ, ಹಳೆಯ ಕೇಬಲ್ ಅಥವಾ ಸಡಿಲ ಪೋರ್ಟ್ ಸಾಕು, ಮೋಟಾರು ಏಳುವುದಿಲ್ಲ. ಕೇಬಲ್ ಬದಲಿಸಿ ನೋಡುವುದು ಖರ್ಚಿಲ್ಲದ ಪರೀಕ್ಷೆ. ಮೇಜಿನ ಮೇಲಿಡುವ ಮೂರೂವರೆ ಇಂಚಿನ ಡಿಸ್ಕಿಗೆ 12 ವೋಲ್ಟಿನ ಅಡಾಪ್ಟರ್ ಬೇಕು. ಗಡಿಬಿಡಿಯಲ್ಲಿ ಲ್ಯಾಪ್‌ಟಾಪಿನ 19 ವೋಲ್ಟಿನ ಅಡಾಪ್ಟರ್ ಚುಚ್ಚಿದರೆ ಸರ್ಕ್ಯೂಟ್ ಬೋರ್ಡಿನ ರಕ್ಷಕ ಡಯೋಡ್ ಸುಟ್ಟು ಶಾರ್ಟ್ ಆಗುತ್ತದೆ. ಅದು ಸತ್ತು ಉಳಿದದ್ದನ್ನು ಕಾಯುವುದೂ ಉಂಟು.

ಬೋರ್ಡನ್ನೇ ಬದಲಿಸಿದರಾಯಿತು ಎಂಬ ಮಾತು ಹಳೆಯ ಕಾಲದ್ದು. ಪ್ರತಿ ಡಿಸ್ಕಿನ ಹೆಡ್‌ಗಳಿಗೆ ತಕ್ಕ ಹೊಂದಾಣಿಕೆಯ ಅಂಕಿಗಳು ಬೋರ್ಡಿನ ಒಂದು ಚಿಪ್ಪಿನಲ್ಲಿ ದಾಖಲಾಗಿರುತ್ತವೆ. ಅದನ್ನು ಬಿಡಿಸಿ ಹೊಸ ಬೋರ್ಡಿಗೆ ಬೆಸೆಯದೆ ಅದೇ ಮಾದರಿಯ ಬೋರ್ಡೂ ಸಾಮಾನ್ಯವಾಗಿ ಕೆಲಸ ಮಾಡದು. ಕೆಲವು ಮಾದರಿಗಳಲ್ಲಿ ಯುಎಸ್‌ಬಿ ಭಾಗದ ಚಿಪ್ಪೇ ಎಲ್ಲವನ್ನೂ ಗೂಢಲಿಪಿಯಲ್ಲಿ ಬರೆಯುತ್ತದೆ. ಅಂಥ ಡಿಸ್ಕನ್ನು ಪೆಟ್ಟಿಗೆಯಿಂದ ತೆಗೆದು ನೇರವಾಗಿ ಕಂಪ್ಯೂಟರಿಗೆ ಜೋಡಿಸಿದರೆ ಕಾಣುವುದು ಅರ್ಥವಿಲ್ಲದ ಅಂಕಿಗಳ ರಾಶಿ.

ಡಿಸ್ಕ್ ಅಸಹಜ ಸದ್ದಿಲ್ಲದೆ ಸರಾಗ ತಿರುಗುತ್ತಿದ್ದು, ಫಾರ್ಮ್ಯಾಟ್ ಮಾಡಬೇಕೆ ಎಂದು ಕಂಪ್ಯೂಟರ್ ಕೇಳಿದರೆ ಸಂಗತಿ ಬೇರೆ. ಯಾವ ಕಡತ ಎಲ್ಲಿದೆ ಎಂದು ಹೇಳುವ ಪರಿವಿಡಿ ಅಲ್ಲಿ ಹರಿದಿದೆ, ಪುಟಗಳು ಹಾಗೇ ಇವೆ. ಕಡತ ಅಳಿಸಿದಾಗಲೂ ಸಾಮಾನ್ಯವಾಗಿ ಹೋಗುವುದು ಪರಿವಿಡಿಯ ಸಾಲು ಮಾತ್ರ. ಆದ್ದರಿಂದ ಆ ಪ್ರಶ್ನೆಗೆ ಬೇಡ ಎನ್ನಬೇಕು, ಅದೇ ಡಿಸ್ಕಿಗೆ ಹೊಸದೇನನ್ನೂ ಬರೆಯಬಾರದು. ಟೆಸ್ಟ್‌ಡಿಸ್ಕ್, ಫೋಟೊರೆಕ್‌ನಂಥ ಉಚಿತ ತಂತ್ರಾಂಶಗಳು ಇಂಥ ಕಡೆ ಚೆನ್ನಾಗಿ ದುಡಿಯುತ್ತವೆ. ತಟ್ಟೆಯೇ ಇಲ್ಲದ ಎಸ್‌ಎಸ್‌ಡಿಗೆ ಈ ನೆಮ್ಮದಿಯಿಲ್ಲ: ಅಳಿಸಿದ ಜಾಗವನ್ನು ಟ್ರಿಮ್ ಎಂಬ ಆಜ್ಞೆ ಬಂದರೆ ಅದು ತಾನಾಗಿ ಖಾಲಿ ಮಾಡಿಬಿಡುತ್ತದೆ.

ಡಿಸ್ಕ್ ತೆವಳುವಂತೆ ನಿಧಾನವಾದರೆ ತಟ್ಟೆಯ ಕೆಲವು ತುಣುಕುಗಳು ಓದಲು ಬಾರದಾಗಿವೆ ಎಂದು ತಿಳಿಯಬೇಕು. ಆಗ ‘ರಿಪೇರಿ’ ಆಜ್ಞೆ ಕೊಡುವುದು ಜ್ವರ ಬಂದವನನ್ನು ಓಡಿಸಿದಂತೆ. ಬುದ್ಧಿವಂತ ದಾರಿ, ಪೂರ್ತಿ ಡಿಸ್ಕಿನ ನಕಲನ್ನು ಮೊದಲು ಇನ್ನೊಂದರ ಮೇಲೆ ಇಳಿಸಿ, ಹುಡುಕಾಟವನ್ನೆಲ್ಲ ನಕಲಿನ ಮೇಲೆ ನಡೆಸುವುದು. ಡಿಡಿರೆಸ್ಕ್ಯೂ ತಂತ್ರಾಂಶ ಸುಲಭವಾಗಿ ಸಿಗುವ ಭಾಗವನ್ನು ಮೊದಲು ಎತ್ತಿಕೊಂಡು, ಹಟಮಾರಿ ಭಾಗಕ್ಕೆ ಕೊನೆಯಲ್ಲಿ ಮರಳುತ್ತದೆ.

ಉಳಿದಿರುವುದು ಕಟಕಟ ಸದ್ದು. ಹೆಡ್ ತನ್ನ ದಾರಿಯ ಗುರುತು ಹುಡುಕಿ, ಕಾಣದೆ ಹಿಂದೆ ಸರಿದು, ಮತ್ತೆ ಹುಡುಕುವಾಗ ಬರುವ ಸದ್ದಿದು. ಕೈಜಾರಿ ನೆಲಕ್ಕೆ ಬಿದ್ದ ಡಿಸ್ಕಿನಲ್ಲಿ ಇದು ಸಾಮಾನ್ಯ. ಕೇಬಲ್ ಬದಲಿಸಿದ ಮೇಲೂ ಸದ್ದು ನಿಲ್ಲದಿದ್ದರೆ ವಿದ್ಯುತ್ ತೆಗೆಯುವುದೊಂದೇ ಚಿಕಿತ್ಸೆ. ‘ಇನ್ನೊಂದು ಸಲ ನೋಡೋಣ’ ಎಂದಾಗಲೆಲ್ಲ ಮುರಿದ ಹೆಡ್ ತಟ್ಟೆಯನ್ನು ಉಳುತ್ತಿರಬಹುದು.

ಡಿಸ್ಕನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಫ್ರೀಜರಿನಲ್ಲಿಡುವ ಮದ್ದು ಇನ್ನೂ ಚಾಲ್ತಿಯಲ್ಲಿದೆ. ಬೇರೆಲ್ಲಿ ಹೇಗೋ, ಕರಾವಳಿಯಲ್ಲಂತೂ ಇದು ವಿಷ. ಮಳೆಗಾಲದ ಮಂಗಳೂರಿನ 28 ಡಿಗ್ರಿಯ ಗಾಳಿಯಲ್ಲಿ ತೇವ ಶೇ. 85 ಇದ್ದರೆ, 25 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವಿನ ಮೇಲೂ ನೀರು ಹನಿಗಟ್ಟುತ್ತದೆ. ಫ್ರೀಜರಿನಿಂದ ಹೊರಬಂದ ಡಿಸ್ಕ್ ತಂಪು ಪಾನೀಯದ ಬಾಟಲಿಯಂತೆ ಬೆವರುತ್ತದೆ. ಸಾಮಾನ್ಯ ಡಿಸ್ಕಿನ ಮುಚ್ಚಳಕ್ಕೆ ಗಾಳಿ ಆಡಲು ಪುಟ್ಟ ತೂತೊಂದಿದ್ದು, ಅದರ ಸೋಸುಬಟ್ಟೆ ಧೂಳನ್ನು ತಡೆದರೂ ಹಬೆಯನ್ನು ತಡೆಯದು. ನ್ಯಾನೋಮೀಟರ್ ಎತ್ತರದಲ್ಲಿ ಹಾರುವ ಹೆಡ್ಡಿಗೆ ಒಂದು ಹನಿ ಎಂದರೆ ಗುಡ್ಡ.

ಕಟಕಟ ಎನ್ನುವ ಡಿಸ್ಕನ್ನು ಅಂಗಡಿಯ ಮೇಜಿನ ಮೇಲೆ ಬಿಚ್ಚುವಂತಿಲ್ಲ. ಅದಕ್ಕೆ ಧೂಳು ಸೋಸಿದ ಗಾಳಿ ಹರಿಯುವ ಕ್ಲೀನ್ ರೂಮ್ ಇರುವ ಪ್ರಯೋಗಾಲಯವೇ ಬೇಕು. ಅಲ್ಲಿ ಅದೇ ಮಾದರಿಯ ಇನ್ನೊಂದು ಡಿಸ್ಕಿನ ಹೆಡ್‌ಗಳನ್ನು ಬಿಚ್ಚಿ ಇದಕ್ಕೆ ಕೂರಿಸುತ್ತಾರೆ. ದಾನಿ ಡಿಸ್ಕ್ ಬಲಿಯಾಗುತ್ತದೆ, ಖರ್ಚೂ ಹೊಸ ಡಿಸ್ಕಿನ ಬೆಲೆಯ ಹಲವು ಪಟ್ಟಾಗುತ್ತದೆ. ಕಸಿ ಮಾಡಿದ ಹೆಡ್ ಬಾಳುವುದು ನಕಲು ಇಳಿಸಿಕೊಳ್ಳುವಷ್ಟು ಹೊತ್ತು ಮಾತ್ರ. ಮುಚ್ಚಳ ತೆಗೆದ ತಂತ್ರಜ್ಞರು ಮೊದಲು ನೋಡುವ ವಸ್ತುಗಳಲ್ಲಿ ಒಂದು ಒಳಗಿನ ಸೋಸುಬಟ್ಟೆ. ಅದು ಬೆಳ್ಳಗಿದ್ದರೆ ಆಸೆಯಿದೆ. ಅದರ ಮೇಲೆ ಕಪ್ಪು ಮಸಿ ಕೂತಿದ್ದರೆ ತಟ್ಟೆಯ ಕಾಂತೀಯ ಪದರವೇ ಕೆರೆದು ಪುಡಿಯಾಗಿದೆ ಎಂದು ಅರ್ಥ. ಮದುವೆಯ ಧಾರೆಯ ದೃಶ್ಯ ಕೆರೆದುಹೋದ ಭಾಗದಲ್ಲಿತ್ತಾದರೆ ಅದು ಈಗ ಆ ಮಸಿಯಲ್ಲಿದೆ.