ಉಗಿ ಅಡಗಿತು, ಹೊಗೆ ಉಳಿಯಿತು

ತೊಂಡೇಬಾವಿ ನಿಲ್ದಾಣಕ್ಕೆ ಇಂದು ವಿದ್ಯುತ್ ರೈಲು ಬಂದರೆ ಹೊಗೆಯ ಸುಳಿವಿಲ್ಲ. ಸಹೋದರಿಯರೇ, ಹೊಗೆಯಿಲ್ಲದ ಇಂಥ ಪ್ರಯಾಣಕ್ಕೆ ಲಂಡನ್ನಿನ ಮೆಟ್ರೊಪಾಲಿಟನ್ ರೈಲ್ವೆಯ ಪ್ರಯಾಣಿಕರು 42 ವರ್ಷ ಕಾದಿದ್ದರು.

ಅಲ್ಲಿ 1863ರ ಜನವರಿಯಲ್ಲಿ ಜಗತ್ತಿನ ಮೊದಲ ಸುರಂಗ ರೈಲು ಆರಂಭವಾಯಿತು. ಎಳೆಯಲು ಉಗಿ ಇಂಜಿನ್ ಬಿಟ್ಟರೆ ಬೇರೆ ಇರಲಿಲ್ಲ. 1864ರಲ್ಲಿ ಮ್ಯಾಂಚೆಸ್ಟರಿನ ಬೇಯರ್ ಪೀಕಾಕ್ ಕಂಪೆನಿಯು ಮೆಟ್ರೊಪಾಲಿಟನ್ ರೈಲ್ವೆಗೆ ‘ಎ’ ವರ್ಗದ ಟ್ಯಾಂಕ್ ಇಂಜಿನ್‌ಗಳನ್ನು ಕೊಟ್ಟಿತು. ನೀರಿನ ತೊಟ್ಟಿಗಳು ಇಂಜಿನ್ನಿನ ಪಕ್ಕೆಗಳಲ್ಲೇ ಇದ್ದವು. ಸುರಂಗದಲ್ಲಿ ಬಳಸಿದ ಉಗಿಯನ್ನು ಹೊರಬಿಡದೆ ಆ ತೊಟ್ಟಿಗೇ ಹರಿಸಿ ನೀರಾಗಿಸುತ್ತಿದ್ದರು. ಆದರೆ ಬೆಂಕಿಯ ಹೊಗೆ ಎಲ್ಲಿಗೆ ಹೋದೀತು? ಪ್ರಯಾಣಿಕರ ಎದೆಗೇ ಇಳಿಯಿತು. 1905ರಲ್ಲಿ ವಿದ್ಯುತ್ ರೈಲು ಬಂದ ಮೇಲೆಯೇ ಅವರಿಗೆ ನೆಮ್ಮದಿ.

ಕಿಟಕಿಯಿಲ್ಲದ ಅಡುಗೆಮನೆಯೂ ಒಂದು ಸುರಂಗವೇ. ಅಲ್ಲಿ ಸೌದೆ ಒಲೆಯ ಹೊಗೆ ಕುಡಿಯುವವರು ತಾಯಿ ಮತ್ತು ಕಂಕುಳ ಮಗು. ದಾರಿಯಲ್ಲಿನ ತೊಂದರೆ ನಿವಾರಿಸುವುದೂ ಈಮಾನಿನ ಭಾಗವೆಂದು ಪ್ರವಾದಿ(ಸ) ಕಲಿಸಿದ್ದಾರೆ. ಮನೆಯೊಳಗಿನ ಈ ತೊಂದರೆಯನ್ನು ನಿವಾರಿಸಲು ನಾವು ಇನ್ನೆಷ್ಟು ವರ್ಷ ಕಾಯಬೇಕು?