ಇಬ್ಬರ ಚಹಾಕ್ಕೆ ನೂರು ರುಚಿ

ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿದರೆ ಕೋರಮಂಡಲ, ಊರಿಗಾಂ, ಚಾಂಪಿಯನ್ ಒಂದೊಂದಾಗಿ ಬರುತ್ತವೆ. ಕಿಟಕಿಯಾಚೆ ಚಿನ್ನ ತೆಗೆದು ಉಳಿದ ಮಣ್ಣಿನ ಸೈನೈಡ್ ದಿಬ್ಬಗಳು. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಕಾಲಿಟ್ಟ ಮೇಲೆ ಕೋಲಾರ ಚಿನ್ನದ ಗಣಿಯ (ಕೆಜಿಎಫ್) ಆಡಳಿತವೆಲ್ಲ ಬಹುಕಾಲ ಲಂಡನ್ನಿನಿಂದ ನಡೆಯಿತು. ಗಣಿಯ ಜೊತೆಗೇ ಕ್ಲಬ್ಬು, ಬ್ಯಾಂಡು, ಆಂಗ್ಲೋ-ಇಂಡಿಯನ್ ಮನೆಗಳ ಕ್ರಿಸ್‌ಮಸ್ ಡಾನ್ಸು ಬಂದವು. ಗಣಿ 2001ರಲ್ಲಿ ಮುಚ್ಚಿತು. ಆ ಡಾನ್ಸುಗಳ ಕಾಲದ ಒಂದು ಹಾಡನ್ನು ಇಲ್ಲಿ ಪರಿಚಯಿಸಬೇಕು: ‘ಟೀ ಫಾರ್ ಟೂ’.

ಅದು ‘ನೋ, ನೋ, ನಾನೆಟ್’ ಎಂಬ ಸಂಗೀತ ನಾಟಕದ ಹಾಡು. ನಾಟಕ 1925ರ ಮಾರ್ಚಿನಲ್ಲಿ ಲಂಡನ್ನಿಗೆ ಬಂತು, ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಗೆ. ಮಟ್ಟು ವಿನ್ಸೆಂಟ್ ಯೂಮನ್ಸ್‌ದು. ಅದರ ಅಳತೆ ತಪ್ಪದಿರಲೆಂದು ಗೀತಕಾರ ಇರ್ವಿಂಗ್ ಸೀಸರ್ ಸದ್ಯಕ್ಕೆಂದು ಒಂದಷ್ಟು ಮಾತು ತುಂಬಿದ. ಆಮೇಲೆ ಬದಲಿಸುವ ಯೋಚನೆಯಿತ್ತು, ಬದಲಿಸಲಿಲ್ಲ. ನಮ್ಮ ಕಂಪನಿ ನಾಟಕಗಳ ಕವಿಗಳೂ ಪಾರ್ಸಿ ಮಟ್ಟು, ಮರಾಠಿ ಮಟ್ಟುಗಳಿಗೆ ಹೀಗೆಯೇ ಮಾತು ಕೂಡಿಸುತ್ತಿದ್ದರು.

ಹಾಡಿನಲ್ಲಿ ಒಂದೇ ಲಯದ ಪುಟ್ಟ ತುಂಡು ಮತ್ತೆ ಮತ್ತೆ ಬರುತ್ತದೆ. ಇದನ್ನು ಮತ್ತೆ ಮತ್ತೆ ನುಡಿಸಿದ ಜಾಜ್‌ನವರಿಗೆ ಇಷ್ಟು ಸರಳವಾದದ್ದರಲ್ಲಿ ಏನು ಸಿಕ್ಕಿತು? ಮನೆಯಲ್ಲಿ ಹಾರ್ಮೋನಿಯಂ ಇದ್ದರೆ ಸ, ಅಂತರ ಗಾಂಧಾರ, ಪ ಒಟ್ಟಿಗೆ ಒತ್ತಿ. ಈಗ ಆ ಗಾಂಧಾರವನ್ನೇ ಷಡ್ಜವೆಂದುಕೊಂಡು ಗಾಂಧಾರ, ಶುದ್ಧ ಧೈವತ, ಕಾಕಲಿ ನಿಷಾದ ಒತ್ತಿ. ಬೇರೆ ಕೋಣೆಯ ಬಾಗಿಲು ತೆರೆದಂತಾಗುತ್ತದೆ. ಹಾಡು ಎಂಟು ಬಾರ್ (ತಾಳದ ಎಂಟು ಸುತ್ತು) ಮುಗಿಸಿದ್ದೇ ಹೀಗೆ ಜಿಗಿಯುತ್ತದೆ, ಇನ್ನೆಂಟು ಬಾರ್ ಅಲ್ಲಿದ್ದು ಮನೆಗೆ ಮರಳುತ್ತದೆ. ತಂಬೂರಿಯ ಮುಂದೆ ಕೂತು ಬೆಳೆದ ಕಿವಿಗೆ ಆಧಾರ ಷಡ್ಜವೇ ಜಾಗ ಬಿಡುವುದು ಮೊದಲು ದಿಗಿಲು, ಆಮೇಲೆ ಹಬ್ಬ.

1927ರಲ್ಲಿ ರಷ್ಯದ ಸಂಗೀತ ರಚನಕಾರ ಶೋಸ್ತಕೋವಿಚ್ ಪಂದ್ಯ ಕಟ್ಟಿ, ಈ ಹಾಡಿನ ರೆಕಾರ್ಡನ್ನು ಕೇಳಿ, ನೆನಪಿನಿಂದಲೇ ಗಂಟೆಯೊಳಗೆ ಇದನ್ನು ವಾದ್ಯವೃಂದಕ್ಕೆ ಅಳವಡಿಸಿದ. 1933ರಲ್ಲಿ, ಕಣ್ಣು ಬಹುಮಟ್ಟಿಗೆ ಕಾಣದ ಪಿಯಾನೋ ವಾದಕ ಆರ್ಟ್ ಟೇಟಮ್ ಇದನ್ನು ನುಡಿಸಿದ ರೆಕಾರ್ಡು ನನಗೆ ಎಲ್ಲಕ್ಕಿಂತ ಪ್ರಿಯ. ಮಟ್ಟು ಕೈತಪ್ಪಿತು ಅನ್ನುವಷ್ಟರಲ್ಲಿ ಬೆರಳುಗಳ ಮಳೆಯ ನಡುವಿಂದ ಅದು ಮತ್ತೆ ಕೇಳುತ್ತದೆ. ಇನ್ನೊಬ್ಬ ಜಾಜ್ ಪಿಯಾನೋ ವಾದಕ ಥೆಲೋನಿಯಸ್ ಮಂಕ್ ತದ್ವಿರುದ್ಧ: ಸ್ವರ ಸ್ವರದ ನಡುವೆ ಮೌನ ಬಿಟ್ಟು ನುಡಿಸಿದ. ಯಾವ ಊರಿನ ವಾದಕರು ಕೂಡಿದರೂ ತಾಲೀಮಿಲ್ಲದೆ ಎತ್ತಿಕೊಳ್ಳಬಹುದಾದ ಇಂಥ ಮಟ್ಟನ್ನೇ ಜಾಜ್‌ನವರು ಸ್ಟ್ಯಾಂಡರ್ಡ್ ಅನ್ನುವುದು.

1958ರಲ್ಲಿ ನ್ಯೂಪೋರ್ಟ್ ಜಾಜ್ ಉತ್ಸವದಲ್ಲಿ ಗಾಯಕಿ ಅನೀಟಾ ಓಡೇ ಇದನ್ನು ಹಾಡಿದ್ದು ಚಿತ್ರೀಕರಣವಾಗಿ ಉಳಿದಿದೆ. ದೊಡ್ಡ ಹ್ಯಾಟು, ಕೈಗೆ ಬಿಳಿ ಗ್ಲೌಸು, ಮೈನವಿರೇಳಿಸುವ ವೇಗ. ಸೀಸರ್ ಸದ್ಯಕ್ಕೆಂದು ಬರೆದ ಮಾತುಗಳು ಅವಳ ಬಾಯಲ್ಲಿ ಚೂರುಚೂರಾಗಿ, ಡ್ರಮ್ಮಿನ ಪೆಟ್ಟುಗಳ ಜೊತೆ ಬರೀ ಉಚ್ಚಾರಗಳಾಗಿ ಕುಣಿಯುತ್ತವೆ.