ಗದ್ಯದಿಂದ ಬಿಡುವು ಬೇಕೆಂದು ನಾಟಕಕ್ಕೆ ಬಂದ ಬೆಕೆಟ್

ಐರ್ಲೆಂಡಿನ ಸ್ಯಾಮ್ಯುಯೆಲ್ ಬೆಕೆಟ್ ಮೊದಲಿಗೆ ಗದ್ಯದ ಲೇಖಕ. ‘ಮರ್ಫಿ’ ಕಾದಂಬರಿ ಬಂದದ್ದು 1938ರಲ್ಲಿ. ಎರಡನೆಯ ಮಹಾಯುದ್ಧದ ನಂತರ ಫ್ರೆಂಚಿನಲ್ಲಿ ಒಂದರ ಹಿಂದೊಂದು ಕಾದಂಬರಿ ಬರೆಯುತ್ತ ಬಳಲಿದಾಗ, ಬಿಡುವಿಗೆಂದು ಅವರು ಕೈಗೆತ್ತಿಕೊಂಡದ್ದು ನಾಟಕ. ಹಾಗೆ ಹುಟ್ಟಿದ ‘ವೇಟಿಂಗ್ ಫಾರ್ ಗೋಡೋ’ 1953ರ ಜನವರಿಯಲ್ಲಿ ಪ್ಯಾರಿಸ್‌ನಲ್ಲಿ ರಂಗವೇರಿತು. ಒಂದು ದಾರಿ, ಒಂದು ಮರ, ಕಾಯುತ್ತ ಕೂತ ಇಬ್ಬರು. ಅಷ್ಟೇ ಸಾಮಗ್ರಿ!

ಬಾನುಲಿ ಕರೆದದ್ದು ಆಮೇಲೆ. 1957ರಲ್ಲಿ ಬಿಬಿಸಿ ಪ್ರಸಾರ ಮಾಡಿದ ‘ಆಲ್ ದಟ್ ಫಾಲ್’ನಲ್ಲಿ ಮುದುಕಿಯೊಬ್ಬಳು ಕುರುಡ ಗಂಡನನ್ನು ಕರೆತರಲು ರೈಲು ನಿಲ್ದಾಣಕ್ಕೆ ಕಾಲೆಳೆದುಕೊಂಡು ಹೋಗುತ್ತಾಳೆ. ದಾರಿಯುದ್ದಕ್ಕೂ ಕೇಳುವ ಪ್ರಾಣಿಗಳ ಕೂಗನ್ನು ಮನುಷ್ಯರೇ ಅನುಕರಿಸಿದ್ದರು.

ಪ್ಯಾಟ್ರಿಕ್ ಮಗೀ ಎಂಬ ನಟ ತಮ್ಮ ಗದ್ಯವನ್ನು ರೇಡಿಯೊದಲ್ಲಿ ಓದಿದ್ದನ್ನು ಕೇಳಿ ಬೆಕೆಟ್ ಮರುಳಾದರು. ಆ ದನಿಗೆಂದೇ ಬರೆದ ‘ಕ್ರ್ಯಾಪ್ಸ್ ಲಾಸ್ಟ್ ಟೇಪ್’ 1958ರಲ್ಲಿ ಲಂಡನ್ನಿನ ರಂಗಕ್ಕೆ ಬಂತು. ಅದರಲ್ಲಿ ಮುದುಕನೊಬ್ಬ ಟೇಪ್ ರೆಕಾರ್ಡರಿನಲ್ಲಿ ತನ್ನದೇ ಹಳೆಯ ಮಾತು ಕೇಳುತ್ತಾನೆ.

ತೆರೆಗೆ ಬಂದಾಗ ಮಾತನ್ನೇ ಕೈಬಿಟ್ಟರು. ಮೂಕಿಚಿತ್ರಗಳ ತಾರೆ ಬಸ್ಟರ್ ಕೀಟನ್ ನಟಿಸಿದ ‘ಫಿಲ್ಮ್’ನಲ್ಲಿ (1965) ಸಂಭಾಷಣೆಯಿಲ್ಲ, ‘ಶ್’ ಎಂಬ ಒಂದೇ ಸದ್ದು.

ಒಂದೇ ಕಥೆಯನ್ನು ಮಾಧ್ಯಮದಿಂದ ಮಾಧ್ಯಮಕ್ಕೆ ಸಾಗಿಸುವುದು ಅವರಿಗೆ ಒಪ್ಪಿಗೆಯಿರಲಿಲ್ಲ. ರೇಡಿಯೊ ನಾಟಕ ಕಿವಿಗೇ ಇರಲಿ ಎಂದು ಹಟ ಹಿಡಿಯುತ್ತಿದ್ದರು. 1969ರಲ್ಲಿ ಅವರಿಗೆ ನೊಬೆಲ್ ಘೋಷಿಸಿದ ಸ್ವೀಡಿಷ್ ಅಕಾಡೆಮಿ, ಕಾದಂಬರಿ ಮತ್ತು ನಾಟಕ ಎರಡಕ್ಕೂ ಅವರು ಕೊಟ್ಟ ಹೊಸ ರೂಪಗಳನ್ನು ಹೆಸರಿಸಿತು.